ವಸಡಿನ ಚಿಕಿತ್ಸೆ: ಕ್ಲೀನಿಂಗ್, ಸರ್ಜರಿ, ಲೇಸರ್ – ಯಾರಿಗೆ ಯಾವುದು?

ಹಲ್ಲುಜ್ಜುವಾಗ ರಕ್ತ ಬರುತ್ತದೆ ಎಂದು ಹೇಳಿಕೊಂಡು ಹುಬ್ಬಳ್ಳಿಯಲ್ಲಿ ಒಂದು ವಾರ ಓಡಾಡಿದರೆ ಐದಾರು ಬಗೆಯ ಸಲಹೆ ಸಿಗುತ್ತದೆ. ಔಷಧಿ ಅಂಗಡಿಯವರು ಬಾಯಿ ಮುಕ್ಕಳಿಸುವ ಬಾಟಲಿ ಕೊಡುತ್ತಾರೆ. ಮನೆಯ ಹಿರಿಯರು ಉಪ್ಪು ನೀರು, ಲವಂಗದ ಎಣ್ಣೆ ಎನ್ನುತ್ತಾರೆ. ಒಂದು ದವಾಖಾನೆಯಲ್ಲಿ ಕ್ಲೀನಿಂಗ್ ಸಾಕೆಂದರೆ ಇನ್ನೊಂದರಲ್ಲಿ ಫ್ಲ್ಯಾಪ್ ಸರ್ಜರಿ ಬೇಕೆನ್ನುತ್ತಾರೆ, ಮತ್ತೊಂದರಲ್ಲಿ ಲೇಸರ್ ಮಾಡಿಸಿ ಎನ್ನುತ್ತಾರೆ, ಕೊನೆಗೆ ಒಬ್ಬರು ಈ ಹಲ್ಲುಗಳನ್ನೆಲ್ಲ ತೆಗೆಸಿ ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲು) ಹಾಕಿಸುವುದೇ ಒಳ್ಳೆಯದು ಎಂದುಬಿಡುತ್ತಾರೆ. ಖರ್ಚಿನ ಲೆಕ್ಕ ನೂರರಿಂದ ಲಕ್ಷದವರೆಗೆ ಹಬ್ಬಿರುವಾಗ ರೋಗಿ ಗೊಂದಲಕ್ಕೆ ಬೀಳುವುದು ಸಹಜ. ಗದಗ, ಹಾವೇರಿ ಕಡೆಯಿಂದ ಕೆಲಸ ಬಿಟ್ಟು ಬಸ್ಸು ಹತ್ತಿ ಬರುವವರಿಗೆ ಈ ಗೊಂದಲ ಇನ್ನೂ ದುಬಾರಿ.

ನನಗೂ ಇದರ ಅನುಭವವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಡೆ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿ, ಒಂದು ಅಳತೆಯನ್ನೂ ತೆಗೆದುಕೊಳ್ಳದೆ, ನಾಲ್ಕೂ ಭಾಗಕ್ಕೆ ಲೇಸರ್ ಎಂದು ಚೀಟಿ ಬರೆದುಕೊಟ್ಟರು. ಎರಡನೆಯ ಕಡೆ ಹೋದಾಗ ಹಲ್ಲು ಹಲ್ಲಿಗೂ ಕಡ್ಡಿಯಿಟ್ಟು ಹಲ್ಲಿಗೂ ವಸಡಿಗೂ ನಡುವಿನ ಆಳವನ್ನು ಅಳೆದರು. ಹೆಚ್ಚಿನವು 3 ಮಿಲಿಮೀಟರ್, ನಾಲ್ಕೈದು ಕಡೆ ಮಾತ್ರ 4 ಬಂದವು. ಎರಡು ಭೇಟಿಯ ಕ್ಲೀನಿಂಗಿನಲ್ಲಿ ಕೆಲಸ ಮುಗಿಯಿತು. ಈ ಬರಹದಲ್ಲಿ ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಆ ಕಡ್ಡಿಯ ಸುತ್ತಲೇ ಇದೆ: ಅಳತೆಯ ಅಂಕಿ ಕೈಗೆ ಬರುವ ಮೊದಲು ಚಿಕಿತ್ಸೆಗಳನ್ನು ಹೋಲಿಸಲು ಬರುವುದಿಲ್ಲ.

ಮೊದಲು ರೋಗದ ಮೂಲ

ವಸಡಿನ ರೋಗಕ್ಕೆ ಹಲ್ಲಿನ ಮೇಲೆ ಕೂರುವ ಪಾಚಿಯೇ ಕಾರಣ ಎಂಬುದನ್ನು ನೇರವಾಗಿ ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ಅದು ಪ್ರಕಟವಾದದ್ದು 1965ರಲ್ಲಿ. ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಆರೋಗ್ಯವಾದ ವಸಡುಳ್ಳ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಅದು ಮೊದಲಿನ ಸ್ಥಿತಿಗೆ ಮರಳಿತು. ವಸಡಿನ ರೋಗದ ಮೊದಲ ಹಂತ ಪೂರ್ತಿ ಹಿಂದಿರುಗಿಸಬಲ್ಲದ್ದು ಎಂದು ಇಂದಿಗೂ ಧೈರ್ಯವಾಗಿ ಹೇಳುವುದು ಇದರ ಆಧಾರದ ಮೇಲೆ.

ಆದರೆ ಪಾಚಿಯೊಂದೇ ಎಲ್ಲರ ಹಲ್ಲನ್ನೂ ಬೀಳಿಸುವುದಿಲ್ಲ. ಅದೇ ಲೋ ಅವರ ತಂಡ ಶ್ರೀಲಂಕಾದ ಚಹಾ ತೋಟಗಳ 480 ಗಂಡಾಳುಗಳನ್ನು 1970ರಿಂದ 15 ವರ್ಷ ಹಿಂಬಾಲಿಸಿತು. ಅವರಿಗೆ ಬ್ರಶ್ಶಿನ ರೂಢಿಯೂ ಇರಲಿಲ್ಲ, ದಂತವೈದ್ಯರ ಸೌಕರ್ಯವೂ ಇರಲಿಲ್ಲ. ಬಾಯಿತುಂಬ ಪಾಚಿ, ಪಾಚಿ ಗಟ್ಟಿಯಾಗಿ ಕಟ್ಟಿದ ಕಿಟ್ಟ. ಹಾಗಿದ್ದರೂ ಶೇ. 11ರಷ್ಟು ಮಂದಿಯಲ್ಲಿ ರೋಗ ವಸಡಿನ ಬಾವನ್ನು ದಾಟಿ ಮುಂದೆ ಹೋಗಲೇ ಇಲ್ಲ, ಶೇ. 81ರಷ್ಟು ಮಂದಿಯಲ್ಲಿ ನಿಧಾನವಾಗಿ ಬೆಳೆಯಿತು, ಉಳಿದ ಶೇ. 8ರಷ್ಟು ಮಂದಿಯಲ್ಲಿ ಬಿರುಸಾಗಿ ಬೆಳೆದು 45ನೇ ವಯಸ್ಸಿಗೆ ಹಲ್ಲುಗಳೆಲ್ಲ ಹೋಗಿದ್ದವು. ‘ನಮ್ಮ ಅಜ್ಜ ಒಂದು ದಿನವೂ ಬ್ರಶ್ ಹಿಡಿದವರಲ್ಲ, ಎಂಬತ್ತಕ್ಕೂ ಕಬ್ಬು ತಿನ್ನುತ್ತಿದ್ದರು’ ಎಂಬ ಮಾತು ಸುಳ್ಳಲ್ಲ. ಆ ಅಜ್ಜ 11ರ ಗುಂಪಿನವರಿರಬೇಕು. ಮೊಮ್ಮಗ ಯಾವ ಗುಂಪಿನವನೆಂದು ಅದರಿಂದ ತಿಳಿಯುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಶರೀರದ ಪ್ರತಿಕ್ರಿಯೆಯಲ್ಲಿದೆ. ಪಾಚಿಯಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬುದಕ್ಕೆ ಸಂಶೋಧಕರು ವಿಶೇಷ ಸ್ಥಾನ ಕೊಟ್ಟಿದ್ದಾರೆ, ಅದು ಸಂಖ್ಯೆಯಲ್ಲಿ ಹೆಚ್ಚಿರುವುದರಿಂದಲ್ಲ. ಇಲಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಸೂಕ್ಷ್ಮಜೀವಿ ತೀರ ಕಡಿಮೆ ಪ್ರಮಾಣದಲ್ಲಿದ್ದರೂ ಉಳಿದ ಬ್ಯಾಕ್ಟೀರಿಯಾಗಳ ಸಮತೋಲವನ್ನು ಕದಡಿ ಮೂಳೆ ಸವೆಯುವಂತೆ ಮಾಡಿತು. ಬೇರೆ ಯಾವ ಸೂಕ್ಷ್ಮಜೀವಿಯೂ ಇಲ್ಲದ ಇಲಿಗಳಲ್ಲಿ ಇದೊಂದನ್ನೇ ಬಿಟ್ಟಾಗ ಏನೂ ಆಗಲಿಲ್ಲ. ಊರಿನಲ್ಲಿ ಜಗಳ ಹಚ್ಚುವವನು ಒಬ್ಬನೇ ಇದ್ದರೂ ಬಡಿದಾಡುವವರು ಬೇರೆಯವರಿರುತ್ತಾರಲ್ಲ, ಹಾಗೆ. ಹೀಗೆ ಕದಡಿದ ಪಾಚಿಯ ಮೇಲೆ ಶರೀರದ ಬಿಳಿ ರಕ್ತಕಣಗಳು ಯುದ್ಧಕ್ಕಿಳಿದಾಗ ಅವು ಬಿಡುವ ಕಿಣ್ವಗಳು ವಸಡಿನ ನಾರನ್ನೂ ಕರಗಿಸುತ್ತವೆ, ಹಲ್ಲನ್ನು ಹಿಡಿದಿರುವ ಮೂಳೆಯೂ ಹಿಂದೆ ಸರಿಯುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಕಂದರವೊಂದು ಉಂಟಾಗುತ್ತದೆ. ವೈದ್ಯರು ಅದನ್ನು ಪಾಕೆಟ್ ಎನ್ನುತ್ತಾರೆ. ನಮ್ಮ ಕಡೆಯ ಕಿಸೆ ಎಂಬ ಮಾತೇ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಂಗಿಯ ಕಿಸೆಯ ತಳದಲ್ಲಿ ಸೇರಿಕೊಂಡ ಕಸದಂತೆ ಅದರೊಳಗಿನ ಪಾಚಿಗೂ ಬ್ರಶ್ ತಲುಪುವುದಿಲ್ಲ.

ಹೀಗೆ ಹಿಂದೆ ಸರಿದ ಮೂಳೆ ತಾನಾಗಿ ಮರಳಿ ಬರುವುದಿಲ್ಲ. ನೋವಿಲ್ಲದ ರೋಗವಾದ್ದರಿಂದ ಹಲ್ಲು ಅಲುಗಾಡತೊಡಗಿದ ಮೇಲೆಯೇ ಬಹುಮಂದಿ ದವಾಖಾನೆಯ ಮೆಟ್ಟಿಲು ಹತ್ತುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ತೀವ್ರ ವಸಡಿನ ರೋಗ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗಿದೆ.

ಹೋಲಿಸಲು ಬೇಕಾದ ಅಳತೆಗೋಲುಗಳು

ಮೊದಲನೆಯದು ಕಿಸೆಯ ಆಳ. ಮಿಲಿಮೀಟರ್ ಗೆರೆಗಳಿರುವ ಸಣ್ಣ ಕಡ್ಡಿಯನ್ನು ಪ್ರತಿ ಹಲ್ಲಿನ ಆರು ಕಡೆ ಇಳಿಸಿ ನೋಡುತ್ತಾರೆ. 1ರಿಂದ 3 ಇದ್ದರೆ ಸಹಜ; 4–5 ಇದ್ದರೆ ರೋಗ ಒಳಗೆ ಇಳಿದಿದೆ; 6 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಆಳವಾದ ಕಿಸೆ. ಕಡ್ಡಿ ತಾಗಿದಾಗ ರಕ್ತ ಬಂತೇ ಎಂಬುದನ್ನೂ ಬರೆದುಕೊಳ್ಳಬೇಕು. ಇದರ ಜೊತೆಗೆ ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಇಳಿದಿದೆ ಎಂಬುದು ತಿಳಿಯಬೇಕು. ಈ ಎರಡೂ ಇಲ್ಲದೆ ಕೊಟ್ಟ ಅಂದಾಜು ಪಟ್ಟಿಗೆ ಬೆಲೆಯಿಲ್ಲ ಎಂದೇ ನನ್ನ ಅಭಿಪ್ರಾಯ. ಸದ್ಯ ಬಳಕೆಯಲ್ಲಿರುವ ವರ್ಗೀಕರಣ 2018ರಲ್ಲಿ ಪ್ರಕಟವಾದದ್ದು. ಅದರಂತೆ ಹಾನಿಯನ್ನು 1ರಿಂದ 4ರವರೆಗಿನ ಹಂತಗಳಲ್ಲಿಯೂ, ಬೆಳೆಯುವ ವೇಗವನ್ನು ಎ, ಬಿ, ಸಿ ಎಂಬ ದರ್ಜೆಗಳಲ್ಲಿಯೂ ಗುರುತಿಸುತ್ತಾರೆ. ನಿಮ್ಮ ಹಂತ ಮತ್ತು ದರ್ಜೆ ಯಾವುದೆಂದು ಕೇಳುವುದು ಅತಿಯಾದ ಪ್ರಶ್ನೆಯಲ್ಲ.

ಎರಡನೆಯದು ರೋಗವನ್ನು ಬೆಳೆಸುವ ಇತರ ಕಾರಣಗಳು, ಮುಖ್ಯವಾಗಿ ತಂಬಾಕು ಮತ್ತು ಸಕ್ಕರೆ ಕಾಯಿಲೆ. ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಮಾಹಿತಿಯನ್ನು ವಿಶ್ಲೇಷಿಸಿ 2000ದಲ್ಲಿ ಪ್ರಕಟಿಸಿದ ಬರಹದ ಪ್ರಕಾರ ಸಿಗರೇಟು ಸೇದುವವರಲ್ಲಿ ಈ ರೋಗದ ಸಾಧ್ಯತೆ ಎಂದೂ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಕೆಂಪೂ ಅಷ್ಟಾಗಿ ಕಾಣುವುದಿಲ್ಲ, ಆದ್ದರಿಂದ ರೋಗ ಮರೆಯಾಗಿರುತ್ತದೆ. ಎಲೆ ಅಡಿಕೆಯ ಜೊತೆ ತಂಬಾಕನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವವರಲ್ಲಿ ಒತ್ತಿಟ್ಟ ಜಾಗದಲ್ಲೇ ವಸಡು ಕೆಳಗೆ ಸರಿದು ಬೇರು ಕಾಣಿಸುತ್ತದೆ. ಯಾವ ಚಿಕಿತ್ಸೆಯನ್ನು ಆರಿಸಿದರೂ ತಂಬಾಕು ಮುಂದುವರಿದರೆ ಫಲ ಕಡಿಮೆ.

ಮೂರನೆಯದು ಮರಳಿ ಬರುವ ಶಕ್ತಿ. ವಸಡಿನ ಚಿಕಿತ್ಸೆ ಒಂದು ಸಲದ ಕೆಲಸವಲ್ಲ. ನರಗುಂದದಿಂದಲೋ ಶಿಗ್ಗಾವಿಯಿಂದಲೋ ಬರುವವರಿಗೆ ಚಿಕಿತ್ಸೆಯ ಬಿಲ್ಲಿಗಿಂತ ತಿರುಗಾಟ ಮತ್ತು ಕಳೆದುಕೊಂಡ ಕೂಲಿ ಹೆಚ್ಚಾಗುವುದುಂಟು. ಆದ್ದರಿಂದ ಖರ್ಚನ್ನು ಭೇಟಿಗಳ ಲೆಕ್ಕದಲ್ಲಿಯೂ ಹಾಕಬೇಕು. ಸಾಕ್ಷ್ಯ ಎಷ್ಟಿದೆ ಎಂಬುದು ನಾಲ್ಕನೆಯದು. ಅದನ್ನು ಒಂದೊಂದು ಆಯ್ಕೆಯ ಜೊತೆಗೇ ಹೇಳುತ್ತೇನೆ.

ಮನೆಯ ಆರೈಕೆ

ಕಿಸೆ 3 ಮಿಲಿಮೀಟರ್ ದಾಟದೆ ರಕ್ತ ಮಾತ್ರ ಬರುತ್ತಿದ್ದರೆ ಮನೆಯ ಆರೈಕೆಯೇ ಮುಖ್ಯ ಚಿಕಿತ್ಸೆ, ಜೊತೆಗೊಂದು ಕ್ಲೀನಿಂಗ್. ಮೆತ್ತನೆಯ ಬ್ರಶ್ಶಿನಿಂದ ದಿನಕ್ಕೆ ಎರಡು ಸಲ, ವಸಡಿನ ಅಂಚಿಗೆ ವಾರೆಯಾಗಿ ಹಿಡಿದು, ಎರಡು ನಿಮಿಷ ಉಜ್ಜಬೇಕು. ಬಹುಮಂದಿ ಬಿಟ್ಟುಬಿಡುವುದು ಹಲ್ಲಿನ ಸಂದಿಗಳನ್ನು. ಸಂದಿ ಅಗಲವಾಗಿರುವವರಿಗೆ ಬಾಟಲಿ ತೊಳೆಯುವ ಬ್ರಶ್ಶಿನ ಆಕಾರದ ಪುಟ್ಟ ಬ್ರಶ್ಶುಗಳು ಸಂದಿ ಶುಚಿಮಾಡುವ ದಾರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ವಿದ್ಯುತ್ ಬ್ರಶ್ ಕೊಳ್ಳಬೇಕೇ ಎಂದು ಕೇಳುವವರಿಗೆ ಉತ್ತರ: ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2014ರ ಸಮೀಕ್ಷೆಯಲ್ಲಿ ಕೈ ಬ್ರಶ್ಶಿಗಿಂತ ಅದರಿಂದ ಮೂರು ತಿಂಗಳ ನಂತರ ಪಾಚಿ ಶೇ. 21, ವಸಡಿನ ಬಾವು ಶೇ. 11ರಷ್ಟು ಹೆಚ್ಚು ಇಳಿದದ್ದು ಕಂಡಿತು. ಕೈ ನಡುಗುವವರಿಗೆ, ವಯಸ್ಸಾದವರಿಗೆ ಅದು ಸಾರ್ಥಕ; ಕೈ ಸರಿಯಾಗಿ ಓಡುವವರು ಆ ಹಣವನ್ನು ಕ್ಲೀನಿಂಗಿಗೆ ಹಾಕುವುದು ಮೇಲು.

ಮುಕ್ಕಳಿಸುವ ಔಷಧಿಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಕ್ಲೋರ್‌ಹೆಕ್ಸಿಡಿನ್. ಶೇ. 0.2ರ ದ್ರಾವಣವನ್ನು ದಿನಕ್ಕೆ ಎರಡು ಸಲ ಬಳಸಿದರೆ ಪಾಚಿ ಕಟ್ಟುವುದು ತಡೆಯುತ್ತದೆ ಎಂದು 1970ರಲ್ಲೇ ತೋರಿಸಲಾಯಿತು. ಆದರೆ ಅದು ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ, ನಾಲಿಗೆಯ ರುಚಿ ಕೆಡಿಸುತ್ತದೆ, ಈಗಾಗಲೇ ಕಟ್ಟಿರುವ ಕಿಟ್ಟವನ್ನು ಕರಗಿಸುವುದಿಲ್ಲ, ಕಿಸೆಯೊಳಕ್ಕೆ ಇಳಿಯುವುದೂ ಇಲ್ಲ. ಎರಡು ವಾರಕ್ಕೆಂದು ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ಬಳಸುವವರನ್ನು ನೋಡಿದ್ದೇನೆ. ಉಪ್ಪು ನೀರು ಬಾತ ವಸಡಿಗೆ ತುಸು ಹಿತ ಕೊಡುತ್ತದೆ, ಅಷ್ಟೆ. ಬೇವಿನ ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮಾಡಿಕೊಂಡರೆ ಹೊರಮೈಯ ಪಾಚಿ ಹೋಗುತ್ತದೆ, ಒಳಮೈಗೂ ಸಂದಿಗೂ ಅದು ಹೋಗುವುದು ಕಷ್ಟ. ಇದ್ದಿಲು, ಇಟ್ಟಿಗೆ ಪುಡಿ, ತಂಬಾಕಿನ ಪುಡಿ ಇವುಗಳನ್ನು ಮಾತ್ರ ಬಿಟ್ಟೇಬಿಡಬೇಕು.

ಇಲ್ಲಿ ಒಂದು ಮಾತು ಗದಗ ಜಿಲ್ಲೆಯವರಿಗೆ. ಮುಂಡರಗಿ ಮೊದಲಾದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಬೀಳುತ್ತವೆ. ಅದು ಹಲ್ಲು ರೂಪುಗೊಳ್ಳುವಾಗಲೇ ಆದ ದೋಷ, ವಸಡಿನ ರೋಗವಲ್ಲ. ಎಷ್ಟು ಸಲ ಕ್ಲೀನಿಂಗ್ ಮಾಡಿಸಿದರೂ ಹೋಗುವುದಿಲ್ಲ. ಆ ಕಲೆಗಾಗಿ ಕ್ಲೀನಿಂಗ್‌ಗೆ ಹಣ ಕೊಡುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಕ್ಲೀನಿಂಗ್ ಮತ್ತು ಡೀಪ್ ಕ್ಲೀನಿಂಗ್

ಕ್ಲೀನಿಂಗ್ ಎಂದರೆ ವಸಡಿನ ಮೇಲ್ಭಾಗದ ಕಿಟ್ಟವನ್ನು ತೆಗೆಯುವುದು. ಡೀಪ್ ಕ್ಲೀನಿಂಗ್ ಎಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕಿಸೆಯೊಳಗೆ ಇಳಿದು, ಬೇರಿಗೆ ಅಂಟಿದ ಕಿಟ್ಟವನ್ನೂ ಪಾಚಿಯನ್ನೂ ತೆಗೆಯುವುದು. ಎರಡಕ್ಕೂ ಒಂದೇ ಹೆಸರು ಹೇಳಿ ಬೇರೆ ಬೇರೆ ದರ ಹೇಳುವುದರಿಂದ ಗೊಂದಲವಾಗುತ್ತದೆ. ನಿಮಗೆ ಹೇಳಿದ್ದು ಯಾವುದು ಎಂದು ಬಿಡಿಸಿ ಕೇಳಬೇಕು. ಯಂತ್ರದಿಂದ ಮಾಡಿದರೂ ಕೈಯ ಉಪಕರಣದಿಂದ ಮಾಡಿದರೂ ಫಲ ಹೆಚ್ಚುಕಡಿಮೆ ಒಂದೇ. ಒಂದೇ ದಿನದಲ್ಲಿ ಇಡೀ ಬಾಯಿಗೆ ಮಾಡಿದರೂ ನಾಲ್ಕು ಭಾಗ ಮಾಡಿ ನಾಲ್ಕು ಭೇಟಿಗಳಲ್ಲಿ ಮಾಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಸಮೀಕ್ಷೆಗಳು ತೋರಿಸಿವೆ. ದೂರದಿಂದ ಬರುವವರು ಕಡಿಮೆ ಭೇಟಿಗಳಲ್ಲಿ ಮುಗಿಸಿಕೊಡಲು ಸಂಕೋಚವಿಲ್ಲದೆ ಕೇಳಬಹುದು.

ಎಲ್ಲ ಆಯ್ಕೆಗಳ ಪೈಕಿ ಅತಿ ಹೆಚ್ಚು ಸಾಕ್ಷ್ಯವಿರುವುದು ಈ ಡೀಪ್ ಕ್ಲೀನಿಂಗಿಗೆ. 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಆರೆಂಟು ತಿಂಗಳಲ್ಲಿ ಕಿಸೆಯ ಆಳ ಸರಾಸರಿ 1.7 ಮಿಲಿಮೀಟರ್ ಇಳಿಯಿತು, ನಾಲ್ಕರಲ್ಲಿ ಸುಮಾರು ಮೂರು ಕಿಸೆಗಳು ಮುಚ್ಚಿಕೊಂಡವು. ಅಂದರೆ 5 ಮಿಲಿಮೀಟರಿನ ಕಿಸೆಗೆ ಇದೇ ಕೊನೆಯ ಚಿಕಿತ್ಸೆಯಾಗುವ ಸಾಧ್ಯತೆ ಬಹಳ. 8 ಮಿಲಿಮೀಟರಿನ ಕಿಸೆಗೆ ಇದು ಮೊದಲ ಹೆಜ್ಜೆ ಮಾತ್ರ.

ಇಷ್ಟಾದರೂ ನಮ್ಮ ಕಡೆ ಇದರ ಬಗ್ಗೆ ಅಂಜಿಕೆ ದೊಡ್ಡದು. ನಮ್ಮ ಕಾಕಾ ಒಬ್ಬರು ‘ಕ್ಲೀನಿಂಗ್ ಮಾಡಿಸಿದರ ಹಲ್ಲ ಸಡಲ ಆಗತಾವು’ ಎಂದು ಮೂವತ್ತು ವರ್ಷ ದೂರವಿದ್ದರು. ಈ ಅಂಜಿಕೆ ಹುಟ್ಟಿಕೊಂಡ ಬಗೆ ಅರ್ಥವಾಗುವಂಥದ್ದೇ. ಹಲ್ಲುಗಳ ನಡುವೆ ಗಾರೆಯಂತೆ ಕಟ್ಟಿದ ಕಿಟ್ಟ ಸಡಿಲಾದ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಂತಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ತಿಳಿಯುತ್ತದೆ. ಬಾತ ವಸಡು ಇಳಿದಾಗ ಬೇರಿನ ಭಾಗ ಹೊರಗೆ ಕಾಣಿಸಿ ಸಂದಿ ತೆರೆಯುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಸಂದಿ ಮಾತ್ರ ಉಳಿಯುತ್ತದೆ. ಮುಂಭಾಗದ ಹಲ್ಲುಗಳಲ್ಲಿ ಅದು ಚಂದ ಕಾಣುವುದಿಲ್ಲ ಎಂಬುದನ್ನು ವೈದ್ಯರು ಮುಂಚಿತವಾಗಿ ಹೇಳಿದರೆ ರೋಗಿಗಳ ದೂರು ಅರ್ಧಕ್ಕರ್ಧ ಕಡಿಮೆಯಾದೀತು.

ಇದಕ್ಕೆ ತಿರುವುಮುರುವಾದ ತಪ್ಪೂ ಇದೆ. ವಸಡು ಆರೋಗ್ಯವಾಗಿರುವವರು ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಲೇಬೇಕು ಎಂಬುದಕ್ಕೆ ಬಲವಾದ ಆಧಾರವಿಲ್ಲ. 2018ರ ಕಾಕ್ರೇನ್ ಸಮೀಕ್ಷೆಯಲ್ಲಿ ಎರಡು ಮೂರು ವರ್ಷಗಳ ಅವಧಿಯಲ್ಲಿ ಅಂಥವರ ವಸಡಿನ ಸ್ಥಿತಿಯಲ್ಲಿ ಕಂಡುಬಂದ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ತಪಾಸಣೆ ಬೇಕು, ಕ್ಲೀನಿಂಗ್ ಅಗತ್ಯವಿದ್ದಾಗ ಸಾಕು. ಒಮ್ಮೆ ಮೂಳೆ ಇಳಿದವರ ಲೆಕ್ಕ ಬೇರೆ, ಅದು ಮುಂದೆ ಬರುತ್ತದೆ.

ಮಾತ್ರೆ, ಜೆಲ್, ಲೇಸರ್

ನುಂಗುವ ಮಾತ್ರೆ, ಕಿಸೆಯೊಳಗೆ ಹಾಕುವ ಔಷಧಿಯ ಜೆಲ್, ಲೇಸರ್ ಇವು ಮೂರೂ ಡೀಪ್ ಕ್ಲೀನಿಂಗಿನ ಜೊತೆಗೆ ಸೇರಿಸುವಂಥವು, ಅದರ ಬದಲಿಗೆ ಬರುವಂಥವಲ್ಲ. ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಜೊತೆಯಾಗಿ ಕೊಡುವ ಪದ್ಧತಿ 1989ರಿಂದ ಚರ್ಚೆಯಲ್ಲಿದೆ. ಅದರಿಂದ ಸಿಗುವ ಹೆಚ್ಚುವರಿ ಲಾಭ ಸರಾಸರಿ ಅರ್ಧ ಮಿಲಿಮೀಟರಿಗೂ ಕಡಿಮೆ. ಚಿಕ್ಕ ವಯಸ್ಸಿನಲ್ಲೇ ರೋಗ ಬಿರುಸಾಗಿ ಹಬ್ಬಿದವರಿಗೆ ಆ ಲಾಭವೂ ಮಹತ್ವದ್ದಾಗಬಹುದು. ಉಳಿದವರಿಗೆ ಹೊಟ್ಟೆಯ ತೊಂದರೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇವುಗಳನ್ನು ತೂಗಿದರೆ ಬೇಡವೆನ್ನುವುದೇ ಸರಿ. ಯುರೋಪಿನ ವಸಡುರೋಗ ತಜ್ಞರ ಒಕ್ಕೂಟವೂ ತನ್ನ 2020ರ ಮಾರ್ಗಸೂಚಿಯಲ್ಲಿ ಎಲ್ಲರಿಗೂ ಕೊಡುವುದನ್ನು ಒಪ್ಪಿಲ್ಲ. ಬಾವು ಬಂದಾಗಲೆಲ್ಲ ಔಷಧಿ ಅಂಗಡಿಯಿಂದ ಮೂರು ದಿನದ ಮಾತ್ರೆ ತಂದು ನುಂಗುವುದಂತೂ ಕೆಟ್ಟ ಆಯ್ಕೆ: ಬಾವು ಇಳಿಯುತ್ತದೆ, ಕಿಟ್ಟ ಅಲ್ಲೇ ಇರುತ್ತದೆ, ಮೂಳೆ ಸದ್ದಿಲ್ಲದೆ ಸವೆಯುತ್ತಿರುತ್ತದೆ.

ಲೇಸರ್ ಬಗ್ಗೆ ಚುಟುಕಾಗಿ ಹೇಳಬಹುದು. ಅದೇ ಮಾರ್ಗಸೂಚಿ ಡೀಪ್ ಕ್ಲೀನಿಂಗಿನ ಜೊತೆ ಲೇಸರನ್ನು ಸೇರಿಸಬೇಡಿ ಎಂದು ಸೂಚಿಸುತ್ತದೆ, ಏಕೆಂದರೆ ಹೆಚ್ಚುವರಿ ಲಾಭ ಸ್ಪಷ್ಟವಾಗಿ ಕಂಡಿಲ್ಲ. ನೋವು, ರಕ್ತ ಕಡಿಮೆ ಎಂಬ ಕಾರಣಕ್ಕೆ ಯಾರಾದರೂ ಹಣ ಕೊಡುವುದಾದರೆ ಅದು ಅವರ ಇಷ್ಟ. ಆದರೆ ಹಣ ಕಡಿಮೆಯಿರುವವರು ಇದಕ್ಕೆ ಸಾಲ ಮಾಡಬೇಕಾಗಿಲ್ಲ.

ಫ್ಲ್ಯಾಪ್ ಸರ್ಜರಿ ಮತ್ತು ಮೂಳೆ ಕಸಿ

ವಸಡನ್ನು ಪುಟದಂತೆ ಬಿಡಿಸಿ, ಬೇರನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಂಡು ಶುಚಿಗೊಳಿಸಿ ಹೊಲಿಯುವುದು ಫ್ಲ್ಯಾಪ್ ಸರ್ಜರಿ. ಕ್ಲೀನಿಂಗ್ ಮತ್ತು ಸರ್ಜರಿಗಳನ್ನು ಎದುರುಬದುರು ಇಟ್ಟು ನೋಡಿದ ಸಮೀಕ್ಷೆಯೊಂದು 2002ರಲ್ಲಿ ಪ್ರಕಟವಾಯಿತು. 6 ಮಿಲಿಮೀಟರಿಗಿಂತ ಆಳವಾದ ಕಿಸೆಗಳಲ್ಲಿ ಸರ್ಜರಿ 0.6 ಮಿಲಿಮೀಟರ್ ಹೆಚ್ಚು ಆಳ ಇಳಿಸಿತು. ಆದರೆ 1ರಿಂದ 3 ಮಿಲಿಮೀಟರಿನ ಜಾಗಗಳಲ್ಲಿ ಸರ್ಜರಿ ಮಾಡಿದಾಗ ಹಲ್ಲಿಗೂ ವಸಡಿಗೂ ಇದ್ದ ಹಿಡಿತ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ನಷ್ಟವಾಯಿತು. ಎಂದರೆ, ಬೇಕಾದ ಕಡೆ ಲಾಭ, ಬೇಡದ ಕಡೆ ನಷ್ಟ. ಇಡೀ ಬಾಯಿಗೆ ಸರ್ಜರಿ ಎಂದು ಒಟ್ಟಾಗಿ ಹೇಳಿದಾಗ ಯಾವ ಹಲ್ಲಿಗೆ, ಅಲ್ಲಿನ ಅಳತೆ ಎಷ್ಟು ಎಂದು ಕೇಳಬೇಕಾದದ್ದು ಇದಕ್ಕಾಗಿಯೇ.

ಸರ್ಜರಿಯ ನಿರ್ಧಾರಕ್ಕೆ ಸಮಯವೂ ಮುಖ್ಯ. ಡೀಪ್ ಕ್ಲೀನಿಂಗ್ ಆದ ಮೇಲೆ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಬೇಕು. ಆಗ 4–5 ಉಳಿದಿದ್ದರೆ ಅಲ್ಲಿ ಇನ್ನೊಮ್ಮೆ ಕ್ಲೀನಿಂಗ್. 6 ಅಥವಾ ಹೆಚ್ಚು ಉಳಿದಿದ್ದರೆ ಸರ್ಜರಿಯ ವಿಚಾರ. ಮೊದಲ ಭೇಟಿಯಲ್ಲೇ ಸರ್ಜರಿಯ ದಿನ ಗೊತ್ತು ಮಾಡಿದರೆ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ಮೂಳೆ ಕಸಿಯನ್ನು ಮಾತಿನಲ್ಲಿ ಕೇಳಿದಾಗ ಹೋದ ಮೂಳೆಯೆಲ್ಲ ತುಂಬಿ ಬರುತ್ತದೆ ಎಂಬ ಭಾವನೆ ಹುಟ್ಟುತ್ತದೆ. ವಸಡಿಗೂ ಮೂಳೆಗೂ ನಡುವೆ ತೆಳು ಪರದೆಯಿಟ್ಟು ಹೊಸ ಹಿಡಿತ ಬೆಳೆಸಬಹುದೆಂದು 1982ರಲ್ಲಿ ಮನುಷ್ಯರಲ್ಲಿ ತೋರಿಸಲಾಯಿತು. ಅಂದಿನಿಂದ ಕಸಿ ಪುಡಿಗಳೂ, ಹಂದಿಯ ಹಲ್ಲಿನ ಮೂಲದಿಂದ ತೆಗೆದ ಪ್ರೋಟೀನಿನ ಜೆಲ್ಲೂ ಬಂದಿವೆ. ಸಸ್ಯಾಹಾರಿಗಳು, ಧಾರ್ಮಿಕ ಕಾರಣದಿಂದ ಬೇಡವೆನ್ನುವವರು ವಸ್ತುವಿನ ಮೂಲವನ್ನು ಮೊದಲೇ ಕೇಳಬೇಕು. ಬಾವಿಯಂತೆ ಸುತ್ತ ಗೋಡೆ ಉಳಿದು ನಡುವೆ ಮಾತ್ರ ತಗ್ಗಾದ ಮೂಳೆಯಲ್ಲಿ ಇವು ಒಳ್ಳೆಯ ಫಲ ಕೊಡುತ್ತವೆ. ಹೊಲದ ಬದುವು ಉದ್ದಕ್ಕೂ ಕೊಚ್ಚಿಹೋದಂತೆ ಮೂಳೆ ಸಮನಾಗಿ ಇಳಿದಿದ್ದರೆ ಕಸಿ ನಿಲ್ಲುವ ಜಾಗವೇ ಇರುವುದಿಲ್ಲ. ನಿಮ್ಮದು ಯಾವ ಬಗೆ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ.

ತೆಗೆಸಿ ಇಂಪ್ಲಾಂಟ್ ಹಾಕಿಸುವುದು

ಎಲ್ಲಕ್ಕಿಂತ ದುಬಾರಿಯಾದ ಈ ಆಯ್ಕೆಯನ್ನು ಕೆಲವರು ಶಾಶ್ವತ ಪರಿಹಾರವೆಂದು ಆರಿಸುತ್ತಾರೆ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಅದರ ಸುತ್ತಲಿನ ಮೂಳೆಗೂ ಇದೇ ರೋಗದ ಇನ್ನೊಂದು ರೂಪ ಬರುತ್ತದೆ, ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಲ್ಲಿಯೇ ಅದು ಹೆಚ್ಚು. ಮೂಲಕಾರಣವನ್ನು ಹತೋಟಿಗೆ ತಾರದೆ ಹಾಕಿಸಿದ ಇಂಪ್ಲಾಂಟ್ ಹಳೆಯ ಸೋರುವ ಮಾಳಿಗೆಯ ಕೆಳಗೆ ಹೊಸ ಬಣ್ಣ ಬಳಿದಂತೆ. ಹಲ್ಲು ಮೇಲೆ ಕೆಳಗೆ ಕೂಡ ಅಲುಗಾಡುತ್ತಿದ್ದು ಮೂಳೆ ಬೇರಿನ ತುದಿಯವರೆಗೆ ಹೋಗಿದ್ದರೆ ತೆಗೆಸುವುದೇ ಸರಿ. ಅಕ್ಕಪಕ್ಕಕ್ಕೆ ಸ್ವಲ್ಪ ಅಲುಗಾಡುವ ಹಲ್ಲು ಚಿಕಿತ್ಸೆಯ ನಂತರ ಗಟ್ಟಿಯಾಗಿ ಹಲವು ವರ್ಷ ಬಾಳುವುದುಂಟು. ಬಜೆಟ್ ಚಿಕ್ಕದಿದ್ದರೆ ತೆಗೆದು ಹಾಕುವ ಹಲ್ಲಿನ ಸೆಟ್ಟೂ ಮರ್ಯಾದೆಯ ಆಯ್ಕೆಯೇ.

ಸಕ್ಕರೆ ಕಾಯಿಲೆ, ಹೃದಯ, ಗರ್ಭಿಣಿಯರು

‘ವಸಡು ಸರಿಪಡಿಸಿದರೆ ಸಕ್ಕರೆ ಇಳಿಯುತ್ತದೆಯೇ?’ ಎಂಬ ಪ್ರಶ್ನೆಗೆ ಸಂಶೋಧನೆ ಕೊಟ್ಟ ಉತ್ತರ ಒಂದೇ ನೇರದಲ್ಲಿಲ್ಲ. ಅಮೆರಿಕದಲ್ಲಿ 514 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ತಿಂಗಳ ನಂತರ ಮೂರು ತಿಂಗಳ ಸರಾಸರಿ ಸಕ್ಕರೆಯಲ್ಲಿ, ಅಂದರೆ ಎಚ್‌ಬಿಎ1ಸಿಯಲ್ಲಿ, ಯಾವ ಸುಧಾರಣೆಯೂ ಕಾಣಲಿಲ್ಲ. 264 ಮಂದಿಯ ಮೇಲೆ ಲಂಡನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸರ್ಜರಿಯೂ ಸೇರಿ ತೀವ್ರ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷಕ್ಕೆ 0.6 ಅಂಶದಷ್ಟು ಕಡಿಮೆ ಕಂಡಿತು. ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದ 2022ರ ಕಾಕ್ರೇನ್ ಸಮೀಕ್ಷೆ ಮೂರು ನಾಲ್ಕು ತಿಂಗಳಲ್ಲಿ 0.43 ಅಂಶದ ಇಳಿಕೆಯನ್ನು ಗುರುತಿಸಿತು. ಅಂದರೆ ವಸಡಿನ ಚಿಕಿತ್ಸೆ ಸಕ್ಕರೆ ಮಾತ್ರೆಗೆ ಬದಲಿಯಲ್ಲ, ಆದರೆ ಸಕ್ಕರೆ ಕಾಯಿಲೆಯವರಿಗೆ ಅದರಲ್ಲಿ ಎರಡು ಬಗೆಯ ಲಾಭವಿದೆ. ಸಕ್ಕರೆ ಹತೋಟಿಯಲ್ಲಿಲ್ಲದಾಗ ಸರ್ಜರಿಯನ್ನು ಮುಂದೂಡಿ ಕ್ಲೀನಿಂಗಿನಿಂದ ಆರಂಭಿಸುವುದು ಕ್ರಮ.

ಹೃದಯರೋಗದ ಮಾತು ಬಂದಾಗ ಎಚ್ಚರ ಬೇಕು. ಎರಡೂ ರೋಗಗಳು ಒಟ್ಟಿಗೆ ಕಾಣಿಸಿಕೊಳ್ಳುವುದು ನಿಜ. ಆದರೆ ವಸಡಿನ ರೋಗದಿಂದಲೇ ಹೃದಯರೋಗ ಬರುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅಮೆರಿಕದ ಹೃದಯ ಸಂಘ 2012ರಲ್ಲಿ ಹೇಳಿತು. ಗರ್ಭಿಣಿಯರ ವಿಷಯದಲ್ಲಿ 823 ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆ ಎರಡು ಸಂಗತಿ ತಿಳಿಸಿತು: ಚಿಕಿತ್ಸೆಯಿಂದ ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ, ಆದರೆ ವಸಡು ಸುಧಾರಿಸಿತು ಮತ್ತು ಚಿಕಿತ್ಸೆ ಸುರಕ್ಷಿತವಾಗಿತ್ತು. ಆದ್ದರಿಂದ ಬಸುರಿ ಎಂಬ ಕಾರಣಕ್ಕೆ ಕ್ಲೀನಿಂಗನ್ನು ಬಿಡಬೇಕಾಗಿಲ್ಲ.

ರಕ್ತದೊತ್ತಡಕ್ಕೆ ಅಮ್ಲೊಡಿಪಿನ್, ಮೂರ್ಛೆರೋಗಕ್ಕೆ ಫಿನಿಟಾಯಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ಹಲ್ಲಿನ ಮೇಲೇರಿ ಬೆಳೆಯುತ್ತದೆ. ಅಂಥವರು ಮಾತ್ರೆಯ ಹೆಸರನ್ನು ದಂತವೈದ್ಯರಿಗೆ ಹೇಳಬೇಕು; ತಾವಾಗಿ ನಿಲ್ಲಿಸಬಾರದು.

ಎಲ್ಲಿಗೆ ಹೋಗುವುದು?

ಹತ್ತಿರದ ಖಾಸಗಿ ದವಾಖಾನೆಯಲ್ಲಿ ಸಮಯ ಉಳಿಯುತ್ತದೆ, ಸಂಜೆ ಕೆಲಸ ಮುಗಿಸಿ ಹೋಗಬಹುದು. ಸಾಮಾನ್ಯ ಕ್ಲೀನಿಂಗಿಗೆ ಅದು ಸಾಕು. ಕಿಸೆ 6 ದಾಟಿದ್ದರೆ ವಸಡಿನ ವಿಷಯದಲ್ಲಿಯೇ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರು ಅಲ್ಲಿ ಬರುತ್ತಾರೆಯೇ ಎಂದು ವಿಚಾರಿಸಬೇಕು. ದಂತ ಕಾಲೇಜಿನಲ್ಲಿ ವಸಡಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ, ಪೂರ್ತಿ ಅಳತೆ ತೆಗೆದು ಬರೆದಿಡುವುದು ಕಲಿಕೆಯ ಭಾಗವೇ ಆಗಿರುತ್ತದೆ, ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ವಿದ್ಯಾರ್ಥಿಗಳು ಮಾಡಿ ಅಧ್ಯಾಪಕರು ಪರೀಕ್ಷಿಸುವುದರಿಂದ ಒಂದು ತಾಸಿನ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ಕಾಲೇಜು ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನ ದಾರಿಯಲ್ಲೇ ಇರುವುದರಿಂದ ಗದಗ, ಹಾವೇರಿಯವರಿಗೂ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಹೋಗುವುದು ಕಷ್ಟವಲ್ಲ. ಹಣ ತೀರ ಕಡಿಮೆಯಿದ್ದರೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಆರಂಭಿಸಬಹುದು. ಕ್ಲೀನಿಂಗ್, ಹಲ್ಲು ತೆಗೆಯುವುದು ಅಲ್ಲಿ ಆದೀತು, ಆಳವಾದ ಕಿಸೆಯ ಚಿಕಿತ್ಸೆಗೆ ಮುಂದಕ್ಕೆ ಕಳಿಸಬಹುದು.

ಇನ್ನು ಕೂಡಿಸಿ ನೋಡುವುದಾದರೆ, ಇಪ್ಪತ್ತೈದರ ಹುಡುಗಿಗೆ ರಕ್ತ ಮಾತ್ರ ಬರುತ್ತಿದ್ದರೆ ಒಂದು ಕ್ಲೀನಿಂಗೂ ಒಂದು ಒಳ್ಳೆಯ ಬ್ರಶ್ಶೂ ಸಾಕು. ನಲವತ್ತೈದರ ವ್ಯಾಪಾರಿಗೆ 5 ಮಿಲಿಮೀಟರಿನ ಕಿಸೆಗಳಿದ್ದು ಸಕ್ಕರೆಯೂ ಇದ್ದರೆ ಡೀಪ್ ಕ್ಲೀನಿಂಗಿಗೆ ಹಣ ಹಾಕಿ, ಲೇಸರ್ ಬಿಟ್ಟು, ಉಳಿದ ಹಣವನ್ನು ಮುಂದಿನ ತಪಾಸಣೆಗಳಿಗೆ ಇಟ್ಟುಕೊಳ್ಳಲಿ. ಅರವತ್ತರ ರೈತನಿಗೆ ಆಳವಾದ ಕಿಸೆ ಎರಡು ಮೂರು ಹಲ್ಲಿಗಷ್ಟೇ ಇದ್ದು ಪದೇ ಪದೇ ಬರಲು ಆಗದಿದ್ದರೆ, ಉಳಿಯದ ಹಲ್ಲನ್ನು ತೆಗೆಸಿ ಉಳಿದವುಗಳನ್ನು ಕಾಪಾಡಿಕೊಳ್ಳುವುದು ಸರ್ಜರಿಗಿಂತ ಜಾಣತನವಾದೀತು. ಸುಗ್ಗಿಯ ನಡುವೆ ಮೂರು ತಿಂಗಳಿಗೊಮ್ಮೆ ಬನ್ನಿ ಎಂದರೆ ಅವನು ಬರುವುದಿಲ್ಲ. ಬಾರದವನಿಗೆ ಮಾಡಿದ ಸರ್ಜರಿ ನಿಲ್ಲುವುದಿಲ್ಲ.

ಮೂಳೆ ಇಳಿದವರೆಲ್ಲರಿಗೂ ಚಿಕಿತ್ಸೆಯ ನಂತರ ಮೂರರಿಂದ ಹನ್ನೆರಡು ತಿಂಗಳಿಗೊಮ್ಮೆ, ಅವರವರ ಅಪಾಯಕ್ಕೆ ತಕ್ಕಂತೆ, ತಪಾಸಣೆ ಮತ್ತು ಶುಚಿಗೊಳಿಸುವಿಕೆ ನಡೆಯುತ್ತಿರಬೇಕು. ಯಾವ ಚಿಕಿತ್ಸೆಯ ದರ ಕೇಳುವಾಗಲೂ ಈ ಭೇಟಿಗಳ ಖರ್ಚನ್ನು ಅದರೊಳಗೆ ಸೇರಿಸಿ ಕೇಳಿ. ಮೊದಲ ದಿನದ ಅಳತೆ ಪಟ್ಟಿಯ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು, ಮೂರು ತಿಂಗಳ ನಂತರದ ಪಟ್ಟಿಯ ಪಕ್ಕಕ್ಕಿಟ್ಟು, 6 ಇದ್ದದ್ದು ಎಷ್ಟಾಯಿತು ಎಂದು ವೈದ್ಯರ ಎದುರಿಗೇ ನೋಡಿ.